ಭಾವ ಮುಚ್ಚಿದ ಕಿಂಡಿ

ಹೊಗೆಸೊಪ್ಪು ಬೇಯಿಸುವ ವಿಷಯದಲ್ಲಿ ನನ್ನ ಭಾವನ ಮಾತಿಗೆ ಅವರ ಊರಿನಲ್ಲಿ ಎದುರಿಲ್ಲ. ಪಿರಿಯಾಪಟ್ಟಣದಿಂದ ಒಂದಿಷ್ಟು ಒಳಕ್ಕೆ ಅವರ ಊರು. ಅಲ್ಲಿ ಯಾರ ಮನೆಯ ಬ್ಯಾರನ್ ಹೊತ್ತಿಸಿದರೂ ಒಮ್ಮೆ ಭಾವನನ್ನು ಕರೆದು ತೋರಿಸುತ್ತಾರೆ. ಬ್ಯಾರನ್ ಎಂದರೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಸಾಲುಸಾಲಾಗಿ ತೂಗುಹಾಕಿ, ಬಿಸಿಗಾಳಿಯಲ್ಲಿ ಬೇಯಿಸುವ ಎತ್ತರದ ಕೋಣೆ. ಅದಕ್ಕೆ ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ. ಸೊಪ್ಪು ಹಳದಿಗೆ ತಿರುಗುವ ತನಕ ಕಿಂಡಿ ಮುಚ್ಚಿರಬೇಕು, ತಿರುಗಿದ ಮೇಲೆ ತೆರೆಯಬೇಕು. ತೆರೆಯದಿದ್ದರೆ ಒಳಗಿನ ಹಬೆ ಹೊರಗೆ ಹೋಗದೆ ಸೊಪ್ಪು ಬೆವರಿ ಕಪ್ಪಾಗುತ್ತದೆ. ಭಾವ ಹಣೆಯ ಮೇಲೆ ವಿಭೂತಿ ಧರಿಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು, ಬಾಗಿಲಿನಿಂದ ಇಣುಕಿ, ಮೂಸಿ, ಕಿಂಡಿ ಎಷ್ಟು ತೆರೆಯಬೇಕೆಂದು ಬೆರಳಿನಲ್ಲಿ ಅಳೆದು ತೋರಿಸುತ್ತಾರೆ. ಯಾರಾದರೂ ಅವಸರಪಟ್ಟು ಕಿಂಡಿ ಮುಚ್ಚಿದ್ದರೆ ಆ ಮನೆಯವರಿಗೆ ಆವತ್ತು ಮಂಗಳಾರತಿಯೇ. ‘ಉಸ್ರಾಡಕ್ಕೆ ಬುಡ್ರಲಾ ಅದ್ಕೆ’ ಎಂದು ಅವರು ಕೂಗಿದರೆ ಪಕ್ಕದ ಬೀದಿಗೆ ಕೇಳಿಸುತ್ತದೆ.

ಇಷ್ಟೆಲ್ಲ ತಿಳಿದ ಮನುಷ್ಯ ತಮ್ಮ ಕಾರಿನ ಇಂಜಿನ್ನಿನ ಕಿಂಡಿಗೆ ಬೆಣೆ ಹೊಡೆದು ಮುಚ್ಚಿದರು. ಅದನ್ನು ನೆನೆದರೆ ನನಗೆ ಈಗಲೂ ಮೊದಲು ನಗು ಬರುತ್ತದೆ, ಹಿಂದೆಯೇ ಮೈ ಉರಿಯುತ್ತದೆ. ಮುಚ್ಚಿದ್ದು ಅವರು, ಬೈಸಿಕೊಂಡವಳು ನನ್ನ ಅಕ್ಕ.

ನಾನು ಕೆ.ಆರ್. ನಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವವಳು. ನನಗೂ ಇಂಜಿನ್ನಿಗೂ ಏನು ಸಂಬಂಧ ಎಂದು ಕೇಳಬಹುದು. ಆ ಕಾರು ಕೊಳ್ಳುವ ದಿನ ಹುಣಸೂರಿನಲ್ಲಿ ನಾನೂ ಇದ್ದೆ, ಅದು ರಂಪ ಮಾಡಿದ ದಿನ ಚುಂಚನಕಟ್ಟೆಯಲ್ಲಿ ಅದರೊಳಗೇ ಕೂತಿದ್ದೆ. ನಡುವಿನದನ್ನು ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗಿ ಕಣ್ಣಾರೆ ಕಂಡಿದ್ದೇನೆ.

ಹುಣಸೂರಿನಲ್ಲಿ ಹಳೆಯ ಕಾರು ಮಾರುವವರ ಹತ್ತಿರ ಬಿಳಿ ಬಣ್ಣದ್ದೊಂದು ಡೀಸೆಲ್ ಗಾಡಿ ಇದೆಯೆಂದು ಸುದ್ದಿ ತಂದವರು ಭಾವನ ಗೆಳೆಯರೊಬ್ಬರು. ಅವರು ಸೊಪ್ಪಿನ ವ್ಯಾಪಾರಿ. ಮುಟ್ಟಿ ನೋಡಿಯೇ ಸೊಪ್ಪಿನ ದರ್ಜೆ ಹೇಳುತ್ತೇನೆಂಬ ಹೆಮ್ಮೆ ಅವರಿಗೆ. ಅದೇ ಕೈಯಿಂದ ಕಾರಿನ ದರ್ಜೆಯನ್ನೂ ಹೇಳಲು ಬಂದಿದ್ದರು. ಬಾನೆಟ್ ಎತ್ತಿಸಿ, ಇಂಜಿನ್ ಶುರು ಮಾಡಿಸಿ, ಆಯಿಲ್ ಹಾಕುವ ಬಾಯಿಯ ಮುಚ್ಚಳ ಬಿಚ್ಚಿ, ಅದರ ಮೇಲೆ ಅಂಗೈ ಹಿಡಿದು ಕಣ್ಣು ಮುಚ್ಚಿಕೊಂಡರು. ನಾಡಿ ಹಿಡಿದ ಪಂಡಿತರು ಕೂಡ ಅಷ್ಟು ಹೊತ್ತು ಕಣ್ಣು ಮುಚ್ಚುವುದಿಲ್ಲ. ಆಮೇಲೆ ಅಂಗೈಯನ್ನು ಮೂಸಿದರು. ಸೊಪ್ಪನ್ನು ಮೂಸಿದ ಹಾಗೆಯೇ.

‘ಬ್ಯಾಕ್ ಕಂಪ್ರೆಷನ್ ಇಲ್ಲ ಕಣ. ಗಟ್ಟಿ ಇಂಜಿನ್ನು. ಕಣ್ಮುಚ್ಕಂಡ್ ತಗೊ’ ಎಂದರು.

ಭಾವ ಅಕ್ಷರಶಃ ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡರು.

ಬ್ಯಾಕ್ ಕಂಪ್ರೆಷನ್ ಅಂದರೆ ಏನೆಂದು ಅವತ್ತು ನನಗೆ ತಿಳಿದಿರಲಿಲ್ಲ. ಮುಂದೆ ಪಿರಿಯಾಪಟ್ಟಣದ ಮೆಕ್ಯಾನಿಕ್ ಒಬ್ಬ ಸಿಟ್ಟಿನಲ್ಲಿ ಹೇಳಿದ್ದರಿಂದ ತಿಳಿಯಿತು. ಇಂಜಿನ್ನಿನೊಳಗೆ ಡೀಸೆಲ್ ಉರಿದಾಗ ಹುಟ್ಟುವ ಹೊಗೆಯಲ್ಲಿ ಒಂದಿಷ್ಟು ಪಿಸ್ಟನ್ನಿನ ಪಕ್ಕದಿಂದ ನುಸುಳಿ ಕೆಳಗಿನ ಆಯಿಲ್ ಇರುವ ಕಡೆಗೆ ಇಳಿಯುತ್ತದೆ. ಅದೇ ಬ್ಯಾಕ್ ಕಂಪ್ರೆಷನ್. ಎಂಥ ಹೊಸ ಇಂಜಿನ್ ಆದರೂ ಇಳಿಯುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಗಾಳಿಯನ್ನು ಒತ್ತಿ ತುಂಬುವುದರಿಂದ ಇನ್ನೂ ಸ್ವಲ್ಪ ಹೆಚ್ಚೇ. ಹಾಗೆ ಇಳಿದದ್ದು ಹೊರಗೆ ಹೋಗಲು ಒಂದು ರಬ್ಬರ್ ಪೈಪ್ ಇರುತ್ತದೆ. ಅದಕ್ಕೆ ಬ್ರೀದರ್ ಎನ್ನುತ್ತಾರೆ. ಆ ಪೈಪು ಹೊಗೆಯನ್ನು ಮತ್ತೆ ಟರ್ಬೊ ಗಾಳಿ ಎಳೆದುಕೊಳ್ಳುವ ಕಡೆಗೇ ಕೊಂಡೊಯ್ಯುತ್ತದೆ. ದಾರಿಯಲ್ಲಿ ಒಂದು ಡಬ್ಬಿ ಇದ್ದು, ಹೊಗೆಯ ಜೊತೆ ಬಂದ ಆಯಿಲ್ ಹನಿಗಳನ್ನು ಹಿಡಿದು ವಾಪಸು ಇಂಜಿನ್ನಿಗೆ ಇಳಿಸುತ್ತದೆ. ಇಷ್ಟೇ ಸಂಗತಿ. ರವಿಕೆಗೆ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ನಿಲ್ಲುವ ಹೆಂಗಸರನ್ನು ದಿನವೂ ನೋಡುವ ನನಗೆ ಇದು ಕೂಡಲೇ ಅರ್ಥವಾಯಿತು. ಉಸಿರಿಗೆ ಜಾಗ ಬಿಡದೆ ಹೊಲಿದರೆ ಎಲ್ಲೋ ಒಂದು ಕಡೆ ಹೊಲಿಗೆ ಬಿಚ್ಚಲೇಬೇಕು.

ಭಾವನಿಗೆ ಆ ಕಾರು ಬೇಕಿದ್ದದ್ದು ಓಡಾಡುವುದಕ್ಕಲ್ಲ, ಒರಗುವುದಕ್ಕೆ. ಸೊಪ್ಪಿನ ಹರಾಜು ನಡೆಯುವ ದಿನಗಳಲ್ಲಿ ಪಿರಿಯಾಪಟ್ಟಣದ ಹರಾಜುಕಟ್ಟೆಯ ಆವರಣದಲ್ಲಿ ಅದನ್ನು ನಿಲ್ಲಿಸಿ, ಬಾನೆಟ್ಟಿಗೆ ಒರಗಿಕೊಂಡು, ಕೀ ಗೊಂಚಲನ್ನು ಬೆರಳಿನಲ್ಲಿ ತಿರುಗಿಸುತ್ತ ಮಾತನಾಡುವುದು ಅವರ ಜೀವನದ ದೊಡ್ಡ ಸುಖ. ಸೊಪ್ಪು ಕಟ್ಟಿದ ಬೇಲುಗಳು ಬೇರೆ ಲಾರಿಯಲ್ಲಿ ಬರುತ್ತಿದ್ದವು. ಭಾವ ಮಾತ್ರ ಕಾರಿನಲ್ಲಿ ಬರುತ್ತಿದ್ದರು.

ಓಡಾಡಬೇಕೆಂಬ ಆಸೆ ಇದ್ದದ್ದು ಅಕ್ಕನಿಗೆ. ಅವಳ ಒಬ್ಬಳೇ ಮಗಳನ್ನು ಎಚ್.ಡಿ. ಕೋಟೆಗೆ ಕೊಟ್ಟಿದ್ದಾರೆ. ಮಗಳನ್ನು ನೋಡಬೇಕೆನಿಸಿದಾಗಲೆಲ್ಲ ಅಕ್ಕ ಭಾವನ ಮುಖ ನೋಡಬೇಕು, ಭಾವ ಹರಾಜಿನ ಕಡೆ ನೋಡಬೇಕು, ಅಷ್ಟರಲ್ಲಿ ಹಬ್ಬವೇ ಕಳೆದುಹೋಗಿರುತ್ತಿತ್ತು. ಬಸ್ಸಿನಲ್ಲಿ ಹೋದರೆ ಹುಣಸೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಕಾಯಬೇಕು. ಮಗಳು ಬಸುರಿ ಎಂದು ತಿಳಿದ ವಾರವೇ ಅಕ್ಕ ಪಿರಿಯಾಪಟ್ಟಣದ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಮೊದಲ ಬಾಣಂತನ ತವರಿನಲ್ಲಿ ಆಗಬೇಕಲ್ಲ, ಅದಕ್ಕೆ ಮಗಳನ್ನು ತಾನೇ ಕರೆತರಬೇಕೆಂದು ಅವಳ ಹಟ.

‘ಯಾರ ಮುಂದೂ ಹಲ್ಗಿಂಜಲ್ಲ ಕಣಮ್ಮಿ. ನಾನೇ ಓಡುಸ್ಕಂಡೋಗಿ ನನ್ ಮಗ್ಳ ಕರ್ಕಂಡ್ ಬತ್ತೀನಿ’ ಎಂದು ನನ್ನ ಮುಂದೆ ಹೇಳಿದಾಗ ಅವಳ ಕಣ್ಣು ತುಂಬಿತ್ತು. ಅವಳು ಅಷ್ಟು ಗಟ್ಟಿಯಾಗಿ ಏನನ್ನಾದರೂ ಬೇಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಲೈಸೆನ್ಸೂ ಬಂತು. ಒಂದೇ ತೊಂದರೆಯೆಂದರೆ ಅಕ್ಕ ಕ್ಲಚ್ಚಿನಿಂದ ಕಾಲನ್ನು ನಿಧಾನವಾಗಿ ತೆಗೆಯಲಾರಳು. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಥಟ್ಟನೆ ತೆಗೆಯುತ್ತಾಳೆ. ಗಾಡಿ ಒಮ್ಮೆ ಕುಪ್ಪಳಿಸಿ ಆಫ್ ಆಗುತ್ತದೆ. ಮನೆಯ ಮುಂದೆ ಆಫ್, ಹಾಲಿನ ಡೇರಿ ಮುಂದೆ ಆಫ್, ಕೆರೆ ಏರಿಯ ಮೇಲೆ ಆಫ್. ಅವಳು ಕಾರು ತೆಗೆದರೆ ಜಗಲಿಗಳ ಮೇಲೆ ಜನ ಸೇರುತ್ತಿದ್ದರು. ಭಾವ ಅದನ್ನು ಹರಾಜುಕಟ್ಟೆಯಲ್ಲಿ ಅಭಿನಯಿಸಿ ತೋರಿಸುತ್ತಿದ್ದರು. ಕುತ್ತಿಗೆಯನ್ನು ಮುಂದಕ್ಕೆ ಹಿಂದಕ್ಕೆ ಕುಲುಕಿಸಿ, ‘ಆಫ್!’ ಎನ್ನುವರು. ಅಲ್ಲಿದ್ದವರು ತೊಡೆ ತಟ್ಟಿ ನಗುವರು. ಅಕ್ಕನಿಗೆ ಊರಲ್ಲಿ ‘ಆಫ್ ಅಕ್ಕ’ ಎಂಬ ಹೆಸರೇ ಬಿತ್ತು. ಸ್ವಂತ ಹೆಂಡತಿಗೆ ಅಡ್ಡಹೆಸರು ಸಂಪಾದಿಸಿಕೊಟ್ಟ ಗಂಡಂದಿರು ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ.

ಹೀಗಿರುವಾಗ ಒಂದು ದಿನ ಭಾವ ಬಾನೆಟ್ ಎತ್ತಿ ನೋಡುತ್ತಾರೆ, ಟರ್ಬೊಗೆ ಗಾಳಿ ಹೋಗುವ ಪೈಪಿನ ಸಂದಿಯಲ್ಲಿ ಆಯಿಲ್ ಪಸೆ. ಬೆರಳಿಗೆ ಅಂಟುವಷ್ಟು. ಭಾವ ಗಾಬರಿಯಾಗಿ ಮೆಕ್ಯಾನಿಕ್ ಹತ್ತಿರ ಹೋದರು. ಮೆಕ್ಯಾನಿಕ್ ಯಾವತ್ತೂ ಗ್ಯಾರೇಜಿನಲ್ಲಿ ಇರುವ ಆಸಾಮಿಯಲ್ಲ, ಎದುರಿನ ಟೀ ಅಂಗಡಿಯ ಬೆಂಚೇ ಅವನ ಆಫೀಸು. ಅಲ್ಲಿಂದಲೇ ಕತ್ತು ಚಾಚಿ ನೋಡಿ, ಇಷ್ಟು ಪಸೆ ಇದ್ದೇ ಇರುತ್ತದೆ, ಬ್ರೀದರ್ ಡಬ್ಬಿ ಕಟ್ಟಿಕೊಂಡಿರಬೇಕು, ಬಿಚ್ಚಿ ತೊಳೆಯಬೇಕು, ಗಾಡಿ ಬಿಟ್ಟುಹೋಗಿ ಎಂದ. ಯಾವಾಗ ಕೊಡುತ್ತೀಯ ಎಂದರೆ, ಆದಾಗ ಎಂದ.

ಗಾಡಿ ಬಿಟ್ಟುಹೋಗುವುದೇ? ಹರಾಜು ನಡೆಯುತ್ತಿರುವಾಗ? ಒರಗುವುದು ಯಾವುದಕ್ಕೆ? ಭಾವ ಮನೆಗೆ ವಾಪಸು ಬಂದರು.

ಆ ಭಾನುವಾರ ನಾನು ಹೋದಾಗ ಭಾವನೂ ಅವರ ವ್ಯಾಪಾರಿ ಗೆಳೆಯರೂ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ನಿಂತಿದ್ದರು. ಸೊಪ್ಪು ಕಟ್ಟುವ ಕಡ್ಡಿಯ ತುಂಡೊಂದನ್ನು ಭಾವ ಕುಡುಗೋಲಿನಲ್ಲಿ ನುಣ್ಣಗೆ ಹೆರೆಯುತ್ತಿದ್ದರು. ಅದಕ್ಕೆ ಹಳೆಯ ಪಂಚೆಯ ಚೂರು ಸುತ್ತಿದರು. ಬ್ರೀದರ್ ಪೈಪನ್ನು ಎಳೆದು ತೆಗೆದು, ಇಂಜಿನ್ ಕಡೆಯ ಬಾಯಿಗೆ ಆ ಬೆಣೆಯನ್ನಿಟ್ಟು, ಸುತ್ತಿಗೆಯ ಹಿಡಿಯಿಂದ ಮೆಲ್ಲನೆ ಬಡಿದು ಕೂರಿಸಿದರು. ಟರ್ಬೊ ಕಡೆಯ ತೂತಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಟ್ಯೂಬಿನ ರಬ್ಬರಿನಿಂದ ಬಿಗಿದರು. ಕೆಲಸವೇನೋ ಅಚ್ಚುಕಟ್ಟು, ಅದನ್ನು ಒಪ್ಪಲೇಬೇಕು.

‘ಇನ್ನು ಆಯಿಲ್ ಅದೆಂಗೆ ಬಂದದು ನೋಡೇಬುಡವ’ ಎಂದು ಗೆಳೆಯರು ಕೈ ಒರೆಸಿಕೊಂಡರು.

ಅಕ್ಕ ರಾಗಿ ಮೊರ ಹಿಡಿದು ಜಗಲಿಯ ಮೇಲೆ ಕೂತಿದ್ದಳು. ‘ರೀ, ಬ್ಯಾರನ್ಗೆ ಕಿಂಡಿ ಬೇಕು ಅಂತ ಊರೆಲ್ಲ ಬೈಕಂಡ್ ತಿರಗ್ತೀರಿ. ಇದ್ಕ್ ಬ್ಯಾಡ್ವಾ?’ ಎಂದು ಕೇಳಿದಳು.

ಭಾವ ತಿರುಗಿಯೂ ನೋಡಲಿಲ್ಲ. ‘ಬ್ಯಾರನ್ನಲ್ಲಿ ಸೊಪ್ಪದೆ ಕಣೇ. ಇದ್ರಲ್ಲೇನದೆ? ಕಬ್ಬಿಣ. ಕಬ್ಬಿಣ ಬೆವರ್ತದಾ? ನೀನ್ ಮೊದ್ಲು ಕಿಲಚ್ ಬುಡದ್ ಕಲ್ತ್ಕೊ.’

ಗೆಳೆಯರು ನಕ್ಕರು. ಅಕ್ಕ ರಾಗಿ ಕೇರತೊಡಗಿದಳು. ನಾನು ಬಾಯಿ ಬಿಡುವವಳಿದ್ದೆ, ಅವಳು ಕಣ್ಣಲ್ಲೇ ಬೇಡವೆಂದಳು.

ಕಬ್ಬಿಣ ಬೆವರಲು ಬಹಳ ದಿನ ಬೇಕಾಗಲಿಲ್ಲ. ಹೋಗಲು ದಾರಿಯಿಲ್ಲದ ಹೊಗೆ ಒಳಗೇ ಒತ್ತತೊಡಗಿತು. ಆಯಿಲ್ ಮಟ್ಟ ನೋಡುವ ಉದ್ದನೆಯ ಕಡ್ಡಿ ತಾನಾಗಿಯೇ ಮೇಲೆದ್ದು ಬರುತ್ತಿತ್ತು. ಭಾವ ಅದನ್ನು ಒತ್ತಿ ಕೂರಿಸುವರು, ಮರುದಿನ ಅದು ಮತ್ತೆ ತಲೆ ಎತ್ತುವುದು. ಕೊನೆಗೆ ತಂತಿ ಕಟ್ಟಿದರು. ಆಗ ಇಂಜಿನ್ನಿನ ಕೆಳಗಿನಿಂದ ಜಿನುಗತೊಡಗಿತು. ಅಕ್ಕ ರಂಗೋಲಿ ಇಡುವ ಜಾಗದಲ್ಲಿ ಕಪ್ಪು ಮಚ್ಚೆಗಳು ಬಿದ್ದವು. ಹೊಗೆಕೊಳವೆಯಿಂದ ನೀಲಿ ಹೊಗೆ ಬರಲಾರಂಭಿಸಿತು.

ಇದಕ್ಕೆಲ್ಲ ಭಾವ ಕಂಡುಹಿಡಿದ ಕಾರಣ ಒಂದೇ, ಅಕ್ಕನ ಕಾಲು. ಇವಳು ಕುಕ್ಕಿ ಕುಕ್ಕಿ ಆಫ್ ಮಾಡುವುದರಿಂದಲೇ ಇಂಜಿನ್ ಒಳಗೆಲ್ಲ ಸಡಿಲಾಗಿ ಆಯಿಲ್ ಕಾರುತ್ತಿದೆ ಎಂದು ತೀರ್ಪು ಕೊಟ್ಟರು. ಗೆಳೆಯರು ಕೂಡಲೇ ಅನುಮೋದಿಸಿದರು. ಅಂಗೈ ಹಿಡಿದು ಗಟ್ಟಿ ಇಂಜಿನ್ ಎಂದ ಮನುಷ್ಯನಿಗೆ ಅದಕ್ಕಿಂತ ಒಳ್ಳೆಯ ದಾರಿ ಎಲ್ಲಿತ್ತು? ಭಾವ ಕೀ ಗೊಂಚಲನ್ನು ತಮ್ಮ ಜೇಬಿಗೆ ಸೇರಿಸಿದರು. ಅಕ್ಕ ಇನ್ನು ಗಾಡಿ ಮುಟ್ಟಕೂಡದು. ಮಗಳನ್ನು ಕರೆತರುವುದಾದರೆ ಹರಾಜು ಮುಗಿದ ಮೇಲೆ ತಾವೇ ಕರೆತರುತ್ತಾರಂತೆ. ಮಗಳ ದಿನ ತುಂಬುವುದು ಹರಾಜಿಗಾಗಿ ಕಾಯುತ್ತದೆಯೇ ಎಂದು ನಾನು ಕೇಳಿದೆ. ‘ನೀನ್ ಬಟ್ಟೆ ಒಲಿ ಕಣಮ್ಮ’ ಎಂದರು.

ಅಕ್ಕ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಅಳಲಿಲ್ಲ. ‘ನನ್ ಕಾಲಿಂದ್ಲೇನಮ್ಮಿ ಅದು?’ ಎಂದು ಮೆಲ್ಲನೆ ಕೇಳಿದಳು. ಸುಳ್ಳನ್ನು ಹತ್ತು ಜನ ನಗುತ್ತ ಹೇಳಿದರೆ, ಕೇಳಿಸಿಕೊಂಡವಳೇ ನಂಬುವ ಹಾಗಾಗುತ್ತದೆ. ಅಲ್ಲ, ಆ ಬೆಣೆಯಿಂದ ಎಂದು ನಾನು ಹೇಳಿದೆ. ಆದರೆ ಟೈಲರ್ ಮಾತಿಗೆ ಅಲ್ಲಿ ಯಾವ ಬೆಲೆ ಇತ್ತು?

ಅದಾದ ಮುಂದಿನ ಸೋಮವಾರ ಚುಂಚನಕಟ್ಟೆ ದೇವಸ್ಥಾನಕ್ಕೆ ಹೋಗಿ, ಹಾಗೆಯೇ ನನ್ನನ್ನು ಕೆ.ಆರ್. ನಗರಕ್ಕೆ ಬಿಡುವುದೆಂದು ಭಾವ ಕಾರು ತೆಗೆದರು. ಮುಂದೆ ಭಾವ ಮತ್ತು ಗೆಳೆಯರು, ಹಿಂದೆ ಅಕ್ಕ ಮತ್ತು ನಾನು. ದಾರಿಯುದ್ದಕ್ಕೂ ನಮ್ಮ ಹಿಂದೆ ನೀಲಿ ಹೊಗೆ. ಹೊಸ ಅಗ್ರಹಾರದ ಕಡೆ ಗದ್ದೆ ಬದುವಿನಲ್ಲಿ ನಿಂತಿದ್ದವರು ಟವೆಲಿನಿಂದ ಮೂಗು ಮುಚ್ಚಿಕೊಂಡರು. ಗೆಳೆಯರು ಡೀಸೆಲ್ಲಿನ ಕಲಬೆರಕೆಯ ಬಗ್ಗೆ ಭಾಷಣ ಮಾಡುತ್ತಿದ್ದರು.

ಚುಂಚನಕಟ್ಟೆಯಲ್ಲಿ ದೇವಸ್ಥಾನದ ಹತ್ತಿರದ ಬಯಲಿನಲ್ಲಿ ಭಾವ ಗಾಡಿ ನಿಲ್ಲಿಸಿದರು, ನ್ಯೂಟ್ರಲ್ ಮಾಡಿದರು. ಇಂಜಿನ್ನಿನ ಸದ್ದು ಇಳಿಯಬೇಕಿತ್ತು, ಏರಿತು. ಭಾವ ಕಾಲು ತೆಗೆದು ನಮಗೆ ತೋರಿಸಿದರು, ತಾವು ಒತ್ತುತ್ತಿಲ್ಲ ಎಂಬಂತೆ. ಸದ್ದು ಇನ್ನೂ ಏರಿತು. ಕೀ ತಿರುಗಿಸಿದರು. ನಿಲ್ಲಲಿಲ್ಲ. ಕೀಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಕೀ ಅವರ ಕೈಯಲ್ಲಿದೆ, ಇಂಜಿನ್ ಕಿರುಚುತ್ತಲೇ ಇದೆ. ಬಾನೆಟ್ ನಡುಗುತ್ತಿದೆ, ಹಿಂದಿನಿಂದ ಬಂದ ಹೊಗೆ ಇಡೀ ಬಯಲನ್ನು ತುಂಬಿ ಎದುರಿನ ಕಾಯಿ ಅಂಗಡಿಯೇ ಕಾಣಿಸದಾಯಿತು.

ಮೆಕ್ಯಾನಿಕ್ ಆಮೇಲೆ ಬಿಡಿಸಿ ಹೇಳಿದ. ಕೆಳಗೆ ಒತ್ತಡ ತುಂಬಿದ್ದರಿಂದ ಟರ್ಬೊಗೆ ಹೋದ ಆಯಿಲ್ ಕೆಳಗೆ ಇಳಿಯಲಾರದೆ, ಅದರ ಸೀಲು ದಾಟಿ ಗಾಳಿಯ ದಾರಿಗೆ ನುಗ್ಗಿತ್ತು. ಇಂಜಿನ್ ತನ್ನ ಆಯಿಲನ್ನೇ ಡೀಸೆಲ್ಲಿನ ಬದಲು ಕುಡಿಯತೊಡಗಿತ್ತು. ಕೀ ನಿಲ್ಲಿಸುವುದು ಡೀಸೆಲ್ಲನ್ನು ಮಾತ್ರ. ಆಯಿಲ್ ಮುಗಿಯುವ ತನಕ, ಇಲ್ಲವೇ ಇಂಜಿನ್ ಒಡೆಯುವ ತನಕ ಅದು ನಿಲ್ಲುವುದಿಲ್ಲ.

ಆ ಹೊತ್ತಿಗೆ ಇದೆಲ್ಲ ಯಾರಿಗೆ ಗೊತ್ತು? ಗೆಳೆಯರು ಬಾಗಿಲು ತೆಗೆದು ಓಡಿದರು. ಅವರ ದೇಹದ ಮನುಷ್ಯ ಅಷ್ಟು ವೇಗವಾಗಿ ಹೋಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನದಿಗೆ ಇಳಿಯುವ ಮೆಟ್ಟಿಲ ಹತ್ತಿರ ಹೋಗಿ ನಿಂತು, ಅಲ್ಲಿಂದ ‘ಇಳೀರ್ಲಾ, ಬೆಂಕಿ, ಬೆಂಕಿ!’ ಎಂದು ಕೂಗಿದರು. ಭಾವನೂ ಇಳಿದರು. ಇಳಿದು, ಕೀಯನ್ನು ಕಾರಿನ ಕಡೆಗೆ ಆಡಿಸುತ್ತ, ‘ನಿಂತ್ಕೊ! ನಿಂತ್ಕೊಳೋ!’ ಎಂದು ಅದಕ್ಕೆ ಗದರಿದರು. ಹಗ್ಗ ಕಿತ್ತುಕೊಂಡು ಓಡುವ ಎತ್ತು ಕೂಡ ಅವರ ಆ ಗದರಿಕೆಗೆ ನಿಲ್ಲುತ್ತಿತ್ತೇನೋ. ಯಾರೋ ಬಕೆಟ್ಟಿನಲ್ಲಿ ನೀರು ತಂದು ದೂರದಿಂದಲೇ ಎರಚಿದರು, ಅದು ಭಾವನ ಮೇಲೆ ಬಿತ್ತು. ನಾನು ಅಕ್ಕನ ತೋಳು ಹಿಡಿದು ಹೊರಗೆಳೆದೆ.

ಅಕ್ಕ ನನ್ನ ಕೈ ಬಿಡಿಸಿಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಹೊಗೆಯೊಳಗೆ ನಡೆದುಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ‘ಇಳಿಯೇ, ಸತ್ತೋಗೀಯ!’ ಎಂದು ಭಾವ ಕೂಗಿದ್ದು ಕೇಳಿಸಿತು. ಅವರ ದನಿಯಲ್ಲಿ ನಿಜವಾದ ಭಯವಿತ್ತು, ಅದನ್ನೂ ಹೇಳಬೇಕು. ಅಕ್ಕ ಹ್ಯಾಂಡ್‌ಬ್ರೇಕ್ ಎಳೆದಳು. ಎಡಗಾಲಿನಿಂದ ಕ್ಲಚ್ ಒತ್ತಿ, ಗೇರನ್ನು ಕೊನೆಯದಕ್ಕೆ ನೂಕಿದಳು. ಬಲಗಾಲಿನಿಂದ ಬ್ರೇಕಿನ ಮೇಲೆ ಹೆಚ್ಚುಕಡಿಮೆ ಎದ್ದು ನಿಂತಳು. ಆಮೇಲೆ ಕ್ಲಚ್ಚಿನಿಂದ ಕಾಲನ್ನು ಥಟ್ಟನೆ ತೆಗೆದಳು, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ.

ಗಾಡಿ ಒಮ್ಮೆ ಕುಪ್ಪಳಿಸಿತು. ಆಫ್ ಆಯಿತು.

ಕಾವೇರಿ ಧುಮುಕುವ ಸದ್ದು ಆಗ ಮತ್ತೆ ಕೇಳಿಸಿತು. ಅಕ್ಕ ಕೆಮ್ಮುತ್ತ ಇಳಿದು ಬಂದಳು. ಒದ್ದೆಯಾಗಿ ನಿಂತಿದ್ದ ಭಾವನ ಮುಂದೆ ನಿಂತು, ‘ಇದೊಂದು ನಂಗ್ ಚೆನ್ನಾಗ್ ಬತ್ತದಲ್ಲ, ಅದ್ಕೇ ಮಾಡ್ದೆ ಕಣ್ರೀ’ ಎಂದಳು. ವ್ಯಂಗ್ಯಕ್ಕೆ ಹೇಳಿದಳೋ, ಇದ್ದದ್ದನ್ನು ಹೇಳಿದಳೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ನನಗಂತೂ ಅಳು ಬಂತು. ಅವಳನ್ನು ತಬ್ಬಿಕೊಂಡು ಆ ಬಯಲಿನಲ್ಲೇ ಅತ್ತೆ.

ಟೆಂಪೊ ಹಿಂದೆ ಹಗ್ಗ ಕಟ್ಟಿಸಿ ಕಾರನ್ನು ಪಿರಿಯಾಪಟ್ಟಣಕ್ಕೆ ಎಳೆಸಿದರು. ಮೆಕ್ಯಾನಿಕ್ ಅವತ್ತು ಟೀ ಅಂಗಡಿಯ ಬೆಂಚಿನಿಂದ ಎದ್ದು ಬಂದ. ಬಾನೆಟ್ ಎತ್ತಿ, ಬೆಣೆಯನ್ನು ಕಂಡು, ಇಕ್ಕಳದಲ್ಲಿ ಕಿತ್ತು ತೆಗೆದು ಬೆಳಕಿಗೆ ಹಿಡಿದ. ಯಾರ ಕೆಲಸ ಎಂದು ಕೇಳಿದ. ಭಾವ ಗೆಳೆಯರ ಕಡೆ ನೋಡಿದರು, ಗೆಳೆಯರು ರಸ್ತೆಯ ಕಡೆ ನೋಡಿದರು. ಇಷ್ಟು ದಿನ ಅದು ಒಡೆಯದೆ ಉಳಿದದ್ದೇ ಆಶ್ಚರ್ಯ, ಆಫ್ ಮಾಡಿದವರು ಯಾರೋ ಅವರು ಇಂಜಿನ್ ಉಳಿಸಿದರು ಎಂದು ಹೇಳಿ ಅವನು ಎಲ್ಲರನ್ನೂ ಸೇರಿಸಿ ಬೈದ. ಟರ್ಬೊ ಬಿಚ್ಚಿ ಸೀಲು ಬದಲಾಯಿಸಿದ, ಗಾಳಿಯ ಪೈಪುಗಳಲ್ಲಿ ತುಂಬಿದ್ದ ಆಯಿಲ್ ತೆಗೆದ, ಬ್ರೀದರ್ ಡಬ್ಬಿ ತೊಳೆದ, ಪೈಪಿನ ದಾರಿಯಲ್ಲಿ ಆಯಿಲ್ ಹಿಡಿಯುವ ಇನ್ನೊಂದು ಪುಟ್ಟ ಡಬ್ಬಿಯನ್ನೂ ಕೂರಿಸಿದ. ಆ ಡಬ್ಬಿಯನ್ನು ಆಗಾಗ ಬಿಚ್ಚಿ ಚೆಲ್ಲಬೇಕು ಎಂದು ಹೇಳಿದ್ದನ್ನು ಕೇಳಿಸಿಕೊಂಡವಳು ಅಕ್ಕ. ಈಗ ಚೆಲ್ಲುವವಳೂ ಅವಳೇ. ಚಳಿಗಾಲದಲ್ಲಿ ಅದರಲ್ಲಿ ನೀರಿನ ಪಸೆ ಬೆರೆತು, ಹಾಲು ಹೆಚ್ಚಾದ ಕಾಫಿಯ ಬಣ್ಣದ ಕೆಸರು ನಿಂತಿರುತ್ತದೆ.

ಗಾಡಿ ರಿಪೇರಿಯಲ್ಲಿದ್ದಷ್ಟು ದಿನ ಭಾವ ಹರಾಜಿಗೆ ಬಸ್ಸಿನಲ್ಲಿ ಹೋದರು. ಈಚೆಗೆ ಅವರು ಅಲ್ಲಿ ಹೊಸ ಪಾಠ ಶುರು ಮಾಡಿದ್ದಾರೆಂದು ಕೇಳಿದ್ದೇನೆ. ಇಂಜಿನ್ನೂ ಬ್ಯಾರನ್ ಇದ್ದ ಹಾಗೆ, ಕಿಂಡಿ ಮುಚ್ಚಬಾರದು, ತಮಗೆ ಮೊದಲೇ ಅನುಮಾನವಿತ್ತು ಎನ್ನುತ್ತಾರಂತೆ. ಕೇಳುವವರು ತಲೆಯಾಡಿಸುತ್ತಾರಂತೆ. ನಾನು ಆ ಬೆಣೆಯನ್ನು ಮೆಕ್ಯಾನಿಕ್ ಹತ್ತಿರ ಕೇಳಿ ತೆಗೆದುಕೊಂಡು ಬಂದು ಅಂಗಡಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಅಳತೆಯ ಚೀಟಿ ಹಾರದಂತೆ ಒತ್ತಲು ಚೆನ್ನಾಗಿದೆ. ಭಾವ ಅಂಗಡಿಗೆ ಬಂದಾಗ ಅದರ ಕಡೆ ನೋಡುವುದಿಲ್ಲ.

ಕಾರು ಬಂದ ದಿನ ಭಾವ ಕೀ ಗೊಂಚಲನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಜಾಡಿಯ ಪಕ್ಕ, ಇಟ್ಟು ಹೋದರು. ಮರುದಿನ ಬೆಳಿಗ್ಗೆ ಅಕ್ಕ ಮಗಳನ್ನು ಕರೆತರಲು ಹೊರಟಳು. ಪಕ್ಕದಲ್ಲಿ ನಾನು. ಭಾವ ತಾವೂ ಬರುತ್ತೇನೆಂದು ಹಿಂದಿನ ಸೀಟಿನಲ್ಲಿ ಟವೆಲ್ ಮಡಿಚಿಕೊಂಡು ಕೂತರು. ಅವತ್ತೂ ಹರಾಜಿತ್ತು.

ಎಚ್.ಡಿ. ಕೋಟೆಯ ಬಸ್ ನಿಲ್ದಾಣದ ಮುಂದಿನ ತಿರುವಿನಲ್ಲಿ, ನಟ್ಟನಡು ರಸ್ತೆಯಲ್ಲಿ, ಅಕ್ಕ ಕಾಲು ತೆಗೆದಳು. ಗಾಡಿ ಕುಪ್ಪಳಿಸಿ ಆಫ್ ಆಯಿತು. ಹಿಂದಿನ ಬಸ್ಸು ಹಾರ್ನ್ ಮೇಲೆ ಹಾರ್ನ್ ಹೊಡೆಯಿತು. ಅಕ್ಕ ಕನ್ನಡಿಯಲ್ಲಿ ಭಾವನ ಮುಖ ನೋಡಿದಳು. ಭಾವ ಕಿಟಕಿಯಿಂದ ಕೈ ಹೊರಗೆ ಚಾಚಿ, ನಿಲ್ಲು ಎಂದು ಬಸ್ಸಿಗೆ ಸನ್ನೆ ಮಾಡಿದರು. ‘ನಿಧಾನುಕ್ ಮಾಡು’ ಎಂದರು.